ಮುರಿದ ಮೆಟ್ಟಿಲು

ದೊಡ್ಡಕ್ಕ ಎಂದೇ ಆಫೀಸಿನಲ್ಲಿ ನಾವು ಕರೆಯುತ್ತಿದ್ದ ಹಿರಿಯ ಪ್ರೋಗ್ರಾಮರ್ ಮಹಾ ಖಡಕ್ಕು. “ಒಂದೇ ಕೆಲಸಕ್ಕೆ ಎರಡು ಸಲ ಕೋಡ್ ಬರೆದ್ರೆ ಕಿವಿ ಹಿಂಡ್ತೀನಿ” ಎನ್ನುತ್ತಿದ್ದರು. ಒಂದು ಕೆಲಸಕ್ಕೆ ಒಂದೇ ವೆಬ್ ಸರ್ವಿಸ್, ಅಂದರೆ ಬೇರೆ ಆ್ಯಪ್‌ಗಳು ಕೇಳಿದಾಗ ಉತ್ತರ ಕೊಡುವ ಪ್ರೋಗ್ರಾಂ. ಬೇಕಾದ ಆ್ಯಪ್‌ಗಳೆಲ್ಲ ಅದನ್ನೇ ಬಳಸಬೇಕು. ಬರೆದವರ ಮನೆಯ ವಿಷಯ ಅದರಲ್ಲಿ ಒಂದಕ್ಷರವೂ ಇರಕೂಡದು.

ನಿವೃತ್ತಿಗೆ ವಾರವಿದ್ದಾಗ ತಮ್ಮದೇ ಹಳೆಯ ಸರ್ವಿಸ್ ಒಂದನ್ನು ಅಳಿಸಲು ಹೊರಟರು. ಮುಂದಿನ ಬಸ್ಸು ಯಾವಾಗ ಎಂದು ಫೋನಿನಲ್ಲಿ ಹೇಳುವ ಸರ್ವಿಸ್ ಅದು. ಕಣ್ಣು ಮಂಜಾದ ಅಪ್ಪನಿಗಾಗಿ ತಮ್ಮ ದನಿಯಲ್ಲೇ ಮಾಡಿದ್ದು. ಅಪ್ಪ ಹೋಗಿ ಆರು ವರ್ಷವಾಗಿತ್ತು.

“ಇನ್ಯಾರಿಗೆ ಬೇಕು ಬಿಡು.”

ಅಳಿಸುವ ಮುನ್ನ ಒಂದು ಗಂಟೆ ನಿಲ್ಲಿಸಿ, ಯಾರಾದರೂ ಬೊಬ್ಬೆ ಹಾಕುತ್ತಾರಾ ಎಂದು ಕಾಯುವುದು ನಮ್ಮ ಪದ್ಧತಿ. ಹತ್ತೇ ನಿಮಿಷಕ್ಕೆ ಆಸ್ಪತ್ರೆಯ ಆ್ಯಪ್‌ನವರು ಕೂಗಿದರು, ಲೈಬ್ರರಿಯವರು ಕೂಗಿದರು. ಅವರೂ ಅದನ್ನೇ ಬಳಸುತ್ತಿದ್ದರು! ಆಮೇಲೆ ನಮ್ಮ ಸಹಾಯವಾಣಿಗೆ ಒಬ್ಬ ಅಜ್ಜನ ಫೋನ್ ಬಂತು. ನಾನು ಸ್ಪೀಕರ್ ಹಾಕಿದೆ.

“ಬಸ್ಸಿನ ಟೈಮ್ ಹೇಳೋ ಮಗಳು ಯಾಕಮ್ಮ ಸುಮ್ಮನಾದ್ಲು? ಚೆನ್ನಾಗಿದಾಳೆ ತಾನೆ? ದಿನಾ ‘ಕೊನೇ ಮೆಟ್ಟಿಲು ಮುರಿದಿದೆ, ನೋಡ್ಕೊಂಡು ಇಳೀರಿ ಅಪ್ಪ’ ಅಂತಾಳೆ. ನಮ್ಮನೇಲಿ ಮೆಟ್ಟಿಲೇ ಇಲ್ಲ. ಆದ್ರೂ ನೋಡ್ಕೊಂಡೇ ಹೊರಡ್ತೀನಿ.”

ಮನೆಯ ವಿಷಯ ಒಂದಕ್ಷರವೂ ಇರಕೂಡದಂತೆ! ನಾನು ದೊಡ್ಡಕ್ಕನ ಮುಖ ನೋಡಿದೆ. ಅವರು ಸರ್ವಿಸನ್ನು ಮತ್ತೆ ಚಾಲೂ ಮಾಡಿದರು. ಅಜ್ಜನ ಬಸ್ಸು ಯಾವುದೆಂದು ಕೇಳಿ, ಸಮಯ ನೋಡಿ, ಫೋನಿನತ್ತ ಬಗ್ಗಿದರು.

“ಇನ್ನು ಎಂಟು ನಿಮಿಷಕ್ಕೆ ಬರುತ್ತೆ.” ಇನ್ನಷ್ಟು ಹತ್ತಿರ ಬಾಗಿದರು. “ನೋಡ್ಕೊಂಡು ಇಳೀರಿ, ಅಪ್ಪ.”