ಹಾಸಿಗೆ ಅಂಗಡಿಯ ಬೀಗ

ಹೆಂಡತಿ ತೀರಿಕೊಂಡ ಮೇಲೆ ಗಂಡಸರು ಏನೇನೋ ಆಗುತ್ತಾರೆ. ಕೆಲವರು ಕುಡುಕರಾಗುತ್ತಾರೆ, ಕೆಲವರು ವೇದಾಂತಿಗಳು, ಇನ್ನು ಕೆಲವರಂತೂ ವರ್ಷ ತಿರುಗುವುದರೊಳಗೆ ಮತ್ತೆ ಮದುಮಗ. ನಮ್ಮ ಹಾಸಿಗೆ ಅಂಗಡಿಯವರು ಫುಟ್‌ಬಾಲ್ ಗೋಲ್‌ಕೀಪರ್ ಆದರು. ಅದೂ ಅಂತಿಂಥ ಗೋಲ್‌ಕೀಪರ್ ಅಲ್ಲ, ಒಂದು ಕಾಲದಲ್ಲಿ ಇಡೀ ದೇಶ ತಲೆಯ ಮೇಲೆ ಹೊತ್ತು ಮೆರೆಸಿದ್ದ ಬೀಗ.

ಅವನು ಗೋಲಿನ ಮುಂದೆ ನಿಂತರೆ ಬಾಗಿಲಿಗೆ ಬೀಗ ಜಡಿದ ಹಾಗೆ, ಚೆಂಡಿರಲಿ ಗಾಳಿಯೂ ಒಳಗೆ ನುಸುಳದು ಎಂದು ಜನ ಇಟ್ಟ ಹೆಸರು ಅದು. ಒಂದು ಫೈನಲ್‌ನಲ್ಲಿ ಮುರಿದ ಬೆರಳಿಗೆ ಕರವಸ್ತ್ರ ಸುತ್ತಿಕೊಂಡು, ಕೊನೆಯ ಸೀಟಿ ಊದುವವರೆಗೂ ಒಂದೇ ಒಂದು ಗೋಲು ಬಿಡದೆ ನಿಂತಿದ್ದನಂತೆ. ಮದುವೆಯಾಗಲಿಲ್ಲ. ಆಟ ನಿಲ್ಲಿಸಿದ ಮೇಲೆ ಎಲ್ಲಿಗೆ ಹೋದನೋ ಯಾರಿಗೂ ತಿಳಿಯದು.

ಹಾಸಿಗೆಯವರ ಹೆಂಡತಿಗೆ ಬೀಗನೆಂದರೆ ಪ್ರಾಣ. ರೇಡಿಯೋದಲ್ಲಿ ಅವನ ಆಟ ಬರುತ್ತಿದ್ದರೆ ಒಲೆಯ ಮೇಲೆ ಹಾಲು ಉಕ್ಕಿದರೂ ಆಕೆಗೆ ಪರಿವೆ ಇರುತ್ತಿರಲಿಲ್ಲ. ಪತ್ರಿಕೆಯಿಂದ ಕತ್ತರಿಸಿದ ಅವನ ಚಿತ್ರ ಅಡುಗೆಮನೆಯ ಕಪಾಟಿನ ಬಾಗಿಲಲ್ಲಿ ಹಬೆ ಕುಡಿದು ಕುಡಿದು ಹಳದಿಯಾಗಿತ್ತು. "ಅವನನ್ನೇ ಕಟ್ಕೋಬೇಕಿತ್ತು ನೀನು" ಎಂದು ಹಾಸಿಗೆಯವರು ಗೊಣಗುತ್ತಿದ್ದರು. "ಅವನು ಕೇಳಲಿಲ್ವಲ್ರೀ" ಎಂದು ಆಕೆ ಅಷ್ಟೇ ಸಲೀಸಾಗಿ ಹೇಳುತ್ತಿದ್ದಳು. ಮದುವೆಯಾದ ಲಾಗಾಯ್ತಿನಿಂದ ಯಾರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದರೋ ಕೊನೆಗೆ ಅವನೇ ಆಗಿ ಕೂತರು ನೋಡಿ.

ಇದೆಲ್ಲ ಶುರುವಾದದ್ದು ಒಂದು ಮಾತಿನಿಂದ. ಸಾವಿನ ಮನೆಗೆ ಬಂದವರಿಗೆ ಏನು ಹೇಳಬೇಕೆಂದು ತೋಚದಿದ್ದಾಗ ಬಾಯಿಗೆ ಬರುವುದು ಒಂದೇ: "ತಡ್ಕೋಬೇಕು." ಎದುರುಮನೆಯವರು ತಡ್ಕೋಬೇಕು ಅಂದರು. ಬಟ್ಟೆ ವ್ಯಾಪಾರಿ ತಡ್ಕೋಬೇಕು ಅಂದು ಗಡಿಯಾರ ನೋಡಿಕೊಂಡರು. ಹಾಸಿಗೆಯವರು ಗೋಡೆಗೊರಗಿ ಕೂತು ಎಲ್ಲರಿಗೂ ತಲೆಯಾಡಿಸಿದರು, ಒಂದು ಹನಿ ಕಣ್ಣೀರಿಲ್ಲ. ಕೊನೆಗೆ ಆಕೆಯ ತಮ್ಮ ಬಂದ. ಬಾಗಿಲಲ್ಲೇ ಗೋಳೋ ಎಂದು ಅತ್ತು, "ಭಾವ, ನೀವು ತಡೀಬೇಕು. ನೀವೇ ತಡೀದಿದ್ರೆ ಇನ್ನು ಯಾರು ತಡೀತಾರೆ?" ಅಂದ.

ಹಾಸಿಗೆಯವರು ಎದ್ದರು. ಮಂಡಿ ಸ್ವಲ್ಪ ಬಗ್ಗಿಸಿ, ಎರಡೂ ತೋಳು ಅಗಲಿಸಿ, "ತಡೀತೀನಿ, ಬರಲಿ" ಅಂದರು. ಭಾವ ತಬ್ಬಿಕೊಳ್ಳಲು ಕರೆಯುತ್ತಿದ್ದಾರೆಂದು ತಿಳಿದ ಭಾವಮೈದ ಬಿರಬಿರನೆ ಮುಂದೆ ಬಂದ. ಅವರು ಅವನನ್ನು ಎದೆಗೆ ಅವಚಿಕೊಂಡು ಹಾಗೇ ಪಕ್ಕಕ್ಕೆ ಹಾರಿ ನೆಲಕ್ಕೆ ಉರುಳಿದರು. ಭಾವಮೈದನದು ಗುಂಡಗಿನ ದೇಹ, ಮೇಲೆ ಬೋಳುತಲೆ. ಹೀಗಾಗಿ ಎಲ್ಲ ತಪ್ಪನ್ನೂ ಹಾಸಿಗೆಯವರ ಮೇಲೆ ಹಾಕುವುದು ನ್ಯಾಯವಲ್ಲ.

ಮರುದಿನ ಮಹಡಿಯ ಮೇಲಿನ ಮನೆ ಒಡತಿ ಕುಶಲ ವಿಚಾರಿಸಲು ಇಳಿದು ಬಂದಾಗ ಅವರು ಎದೆ ಸೆಟೆಸಿ, "ನಾನು ಬೀಗ" ಅಂದರು. ಒಡತಿಗೆ ಕಿವಿ ಸ್ವಲ್ಪ ಮಂದ, ಕುತೂಹಲ ಬಹಳ ಚುರುಕು. "ಬೀಗರಾ? ಯಾರ ಕಡೆ? ಮಗಳಿಗೆ ಗಂಡು ಗೊತ್ತಾಯ್ತಾ? ನಮಗೆ ಒಂದು ಮಾತು ಹೇಳಬಾರದಾ!" ಎಂದು ಸಂಭ್ರಮಪಟ್ಟರು. ಸಂಜೆಯೊಳಗೆ ಬೀದಿಯ ತುಂಬ ಮಗಳ ಮದುವೆಯ ಸುದ್ದಿ.

ಮಗಳಿಗೆ ಗಂಡೂ ಗೊತ್ತಾಗಿರಲಿಲ್ಲ, ಬೀಗರೂ ಇರಲಿಲ್ಲ. ಎರಡು ಬೀದಿ ಆಚೆ ಔಷಧಿ ಅಂಗಡಿಯಲ್ಲಿ ಅವಳ ಕೆಲಸ. ಡಾಕ್ಟರರ ಕೋಳಿಕಾಲಿನ ಬರಹ ಓದಿ, ಮಾತ್ರೆ ಎಣಿಸಿ, ಊಟಕ್ಕೆ ಮುಂಚೆ, ಊಟ ಆದಮೇಲೆ ಎಂದು ಪೊಟ್ಟಣದ ಮೇಲೆ ಬರೆದುಕೊಡುತ್ತಿದ್ದಳು. ಆ ಸಂಜೆ ಸುದ್ದಿ ಕೇಳಿ ಪೆನ್ನು ಕಿವಿಗೆ ಸಿಕ್ಕಿಸಿಕೊಂಡೇ ಓಡಿಬಂದಳು. ಅಪ್ಪ ಅವಳನ್ನು, ಅವಳ ಪೆನ್ನನ್ನು ನೋಡಿ ಗೌರವದಿಂದ ಎದ್ದು ನಿಂತ.

"ಪತ್ರಿಕೆಯವರಾ? ಬನ್ನಿ ಮೇಡಂ, ಕೂತ್ಕೊಳ್ಳಿ. ಫೈನಲ್ ಬಗ್ಗೆ ತಾನೇ?"

ಅವಳು ಕೂತಳು. ಬೇರೇನು ಮಾಡಬೇಕು ಅಂತ ತಿಳಿಯಲಿಲ್ಲ. ಬೀಗನಿಗೆ ಹೆಂಡತಿಯಿಲ್ಲ, ಆದ್ದರಿಂದ ಸತ್ತ ಹೆಂಡತಿಯೂ ಇಲ್ಲ. ಅಲ್ಲಿಗೆ ಲೆಕ್ಕ ಸರಿ. ಆದರೆ ಹೆಂಡತಿಯಿಲ್ಲದವನಿಗೆ ಮಗಳು ಎಲ್ಲಿಂದ ಬರಬೇಕು? ಅಪ್ಪ ದುಃಖದ ಜೊತೆ ಮಗಳನ್ನೂ ಗುಡಿಸಿ ಹೊರಗೆ ಹಾಕಿದ್ದಾನೆ ಎಂಬುದು ಅವಳಿಗೆ ಆ ರಾತ್ರಿ ಮಲಗಿದ ಮೇಲೆ ಅರ್ಥವಾಯಿತು.

ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರು, "ಬೀಗ ಒಡೀಬೇಡಿ, ಕೀಲಿಕೈ ಹುಡುಕಿ" ಎಂದು ತಮ್ಮ ಮಾತಿಗೆ ತಾವೇ ಬಹಳ ಹೊತ್ತು ನಕ್ಕು, ಅವಳೇ ದಿನಾ ಮಾರುವ ಮಾತ್ರೆಯನ್ನು ಬರೆದುಕೊಟ್ಟರು.

ಅಂಗಡಿಗೇನೂ ನಷ್ಟವಾಗಲಿಲ್ಲ, ಅದೊಂದು ಚೋದ್ಯ. ಮುರಿದ ಬೆರಳಿಗೆ ವ್ಯಾಯಾಮ ಬೇಕಲ್ಲವೇ, ಅದಕ್ಕೆ ಬೀಗ ಬೆಳಗ್ಗೆ ದಬ್ಬಣ ಹಿಡಿದು ಹಾಸಿಗೆ ಹೊಲಿಯುತ್ತಿದ್ದ. ಹೊಲಿಗೆ ಒಂದಿಷ್ಟೂ ಸೊಟ್ಟಗಾಗುತ್ತಿರಲಿಲ್ಲ. ಆಮೇಲೆ ಅಭ್ಯಾಸ. ಹತ್ತಿ ಹಿಂಜುವ ಯಂತ್ರ ನಡೆಸುವ ಮುದುಕ, ರೆಪ್ಪೆಯವರೆಗೂ ಬೆಳ್ಳಗಿರುವುದರಿಂದ ಎಲ್ಲರ ಬಾಯಲ್ಲೂ ಹತ್ತಿಯಣ್ಣ, ಯಂತ್ರ ನಿಲ್ಲಿಸಿ ದಿಂಬು ಎಸೆಯುತ್ತಿದ್ದ. ಬೀಗ ಆ ಮೂಲೆಯಿಂದ ಈ ಮೂಲೆಗೆ ಹಾರಿ, ದಿಂಬು ಹಿಡಿದು, ಹೊಸ ಹಾಸಿಗೆಯ ಮೇಲೆ ಧೊಪ್ಪೆಂದು ಬೀಳುತ್ತಿದ್ದ. ಅರವತ್ತು ದಾಟಿದ ಮನುಷ್ಯ ಹಾಗೆ ಬಿದ್ದು ನಗುತ್ತಾ ಏಳುವುದನ್ನು ಕಂಡ ಗಿರಾಕಿಗಳು, "ಅದನ್ನೇ ಕೊಡಿ, ಅವರು ಬಿದ್ದದ್ದನ್ನೇ" ಎಂದು ಪಟ್ಟು ಹಿಡಿಯುತ್ತಿದ್ದರು.

"ನಿನಗಾದ್ರೂ ಬುದ್ಧಿ ಬೇಡವಾ ಹತ್ತಿಯಣ್ಣಾ?" ಎಂದು ಮಗಳು ರೇಗಿದರೆ, "ಏನು ಮಾಡಲವ್ವಾ, ದಿಂಬು ಎಸೆಯೋ ಹೊತ್ತಲ್ಲಿ ಮಾತ್ರ ಆ ಮುಖದಲ್ಲಿ ನಗು ಇರುತ್ತೆ" ಅನ್ನುತ್ತಿದ್ದ.

ಹೀಗೆ ಮಗಳು ದಿನಾ ಮಧ್ಯಾಹ್ನ ಪತ್ರಿಕೆಯವಳಾಗಿ ಊಟದ ಡಬ್ಬಿ ಹಿಡಿದು ಹೋಗುವುದು, ಎದುರು ಕೂತು ಸಂದರ್ಶನ ಮಾಡುವುದು. "ಇಂಥ ಪತ್ರಿಕೆ ನಾನು ಕಂಡಿಲ್ಲ, ಊಟ ಹಾಕಿ ಪ್ರಶ್ನೆ ಕೇಳ್ತಾರೆ" ಎಂದು ಅವನು ಹತ್ತಿಯಣ್ಣನ ಹತ್ತಿರ ಹೊಗಳುತ್ತಿದ್ದ. ಕಾರ್ನರ್ ಕಿಕ್ ಅಂದರೇನು, ಪೆನಾಲ್ಟಿಯಲ್ಲಿ ಒದೆಯುವವನ ಕಣ್ಣು ನೋಡಬೇಕೋ ಕಾಲು ನೋಡಬೇಕೋ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಯಿತು. ಮೇಡಂ, ಮೇಡಂ. ಎಷ್ಟು ವಿನಯ! ಚಿಕ್ಕವಳಿದ್ದಾಗಿನಿಂದ "ಏ ಕತ್ತೆ, ದಾರ ತಾರೇ" ಎಂದು ಕೂಗಿಸಿಕೊಂಡೇ ಬೆಳೆದವಳಿಗೆ ಆ ವಿನಯ ಮುಳ್ಳಿನಂತೆ ಚುಚ್ಚುತ್ತಿತ್ತು. ಅಮ್ಮ ಹೋದಳು, ಸರಿ, ಅದು ಯಾರ ಕೈಯಲ್ಲೂ ಇಲ್ಲ. ಅಪ್ಪ ಕಣ್ಣೆದುರೇ ಕೂತು ಪರಕೀಯನಾಗುವುದನ್ನು ಹೇಗೆ ಸಹಿಸುವುದು? ಒಮ್ಮೆಯಾದರೂ ಕತ್ತೆ ಅನ್ನಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಚಳಿಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ. ಹತ್ತಿಯಣ್ಣ ಚಹಾ ಕುಡಿಯಲು ಹೋಗಿದ್ದ. ಅಪ್ಪ ದಿಂಬಿಗೆ ಅರಳೆ ತುಂಬಿ ಬಾಯಿ ಹೊಲಿಯಲು ಶುರುಮಾಡಿದ್ದ. ಡಬ್ಬಿ ಬಿಚ್ಚುತ್ತಿದ್ದ ಮಗಳನ್ನು ನೋಡಿ, ಏನನ್ನಿಸಿತೋ, ಕೇಳಿದ.

"ನಿಮಗೆ ತಂದೆತಾಯಿ ಇದ್ದಾರಾ ಮೇಡಂ?"

"ತಂದೆ ಇದ್ದಾರೆ."

"ಏನು ಮಾಡ್ತಾರೆ?"

"ಹಾಸಿಗೆ ಹೊಲೀತಾರೆ."

"ಒಳ್ಳೆ ಕೆಲಸ. ಚೆನ್ನಾಗಿ ನೋಡ್ಕೊಳ್ತಾರಾ ನಿಮ್ಮನ್ನ?"

ಅಲ್ಲಿಗೆ ಅವಳ ಸಿಟ್ಟು ನೆತ್ತಿಗೇರಿತು. ತಿಂಗಳುಗಟ್ಟಲೆ ಕಟ್ಟಿಟ್ಟುಕೊಂಡಿದ್ದ ಸಿಟ್ಟು ಅದು. ಡಾಕ್ಟರರ ಮೇಲಿನದು, ದಿಂಬಿನ ಮೇಲಿನದು, ಹೇಳದೆ ಕೇಳದೆ ಹೊರಟುಹೋದ ಅಮ್ಮನ ಮೇಲಿನದು. ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಮುಚ್ಚಿದಳು.

"ಸರ್, ತಡೆದದ್ದೇ ಹೇಳ್ತೀರಲ್ಲ ದಿನಾ, ಬಿಟ್ಟದ್ದು ಒಂದೂ ಇಲ್ವಾ?"

"ಬೀಗ ಗೋಲು ಬಿಟ್ಟ ಅಂತ ಯಾವ ಪತ್ರಿಕೇಲಿ ಓದಿದ್ರಿ?" ಅವನ ಮೀಸೆ ಕುಣಿಯಿತು.

"ಪತ್ರಿಕೆ ನನ್ನದೇ. ಒಂದೂ ಬಿಡದೇ ಇರೋ ಕೀಪರ್ ಭೂಮಿ ಮೇಲಿಲ್ಲ. ಹೇಳಿ ಸರ್. ಯಾವುದನ್ನ ತಡೆಯೋಕಾಗಲಿಲ್ಲ?"

ದಬ್ಬಣ ಬಟ್ಟೆಯೊಳಗೆ ಹೋಗಿ ಈಚೆ ಬಂತು. ದಾರ ಎಳೆದ. ಮತ್ತೆ ಚುಚ್ಚಿದ. ಇನ್ನು ಎದ್ದು ಹೋಗಿ ಮೇಡಂ ಅಂತಾನೆ ಅಂದುಕೊಂಡಳು.

"ಒಂದು" ಅಂದ.

"ಹೇಗಾಯ್ತು?"

"ನೋಡಲಿಲ್ಲ ಮೇಡಂ. ನಾನು ಬೇರೆ ಕಡೆ ನೋಡ್ತಾ ಇದ್ದೆ. ಇದೇ ಥರ, ಮನೆ ಜಗಲಿ ಮೇಲೆ ಕೂತು ದಿಂಬಿನ ಬಾಯಿ ಹೊಲೀತಾ ಇದ್ದೆ."

ಮಗಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

"ಒಳಗಿಂದ ಕರೆದಳು. ಬರೀ 'ರೀ' ಅಂತ. ಅವಳು ದಿನಕ್ಕೆ ನೂರು ಸಲ ರೀ ಅಂತಾಳೆ. ಡಬ್ಬಿ ಮುಚ್ಚಳ ಬರದಿದ್ರೂ ರೀ, ಮಳೆ ಬಂದ್ರೂ ರೀ, ಬೀಗ ಗೋಲು ತಡೆದ್ರೂ ರೀ." ಹೊಲಿಗೆ ನಿಂತಿತ್ತು. "ತಡಿಯೇ, ಬಂದೆ ಅಂದೆ. ಸ್ವಲ್ಪೇ ಹೊಲಿಗೆ ಬಾಕಿ ಇತ್ತು. ಅರ್ಧಕ್ಕೆ ಬಿಟ್ರೆ ಅರಳೆ ಈಚೆ ಬರುತ್ತೆ. ಮುಗಿಸಿದೆ. ಗಂಟು ಹಾಕಿ ದಾರ ಕಡಿದೆ. ಹೋಗಿ ನೋಡ್ತೀನಿ..."

ಮುಂದಿನದು ಮಗಳಿಗೆ ಗೊತ್ತಿತ್ತು. ಅಡುಗೆಮನೆಯ ನೆಲ, ಅಮ್ಮನ ಒಂದು ಕಾಲಿನ ಚಪ್ಪಲಿ ಬಿಟ್ಟುಹೋಗಿದ್ದು. ಗೊತ್ತಿಲ್ಲದೆ ಇದ್ದದ್ದು ಈ ಹೊಲಿಗೆ. ಇಷ್ಟು ದಿನ ಅಪ್ಪ ಇದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ಆ ಮೂಲೆಯಿಂದ ಈ ಮೂಲೆಗೆ ಹಾರುತ್ತಿದ್ದ. ಪೆನ್ನು ಎಲ್ಲಿ ಬಿತ್ತೋ ನೋಡಲಿಲ್ಲ.

"ತಡಿ ಅಂದಿದ್ದೆ" ಅಂದ ಅವನು. "ಅಷ್ಟು ಹೊತ್ತು ಅವಳು ತಡೀಬಹುದಿತ್ತು."

ಇದಕ್ಕೆ ಪತ್ರಿಕೆಯವಳು ಏನು ಹೇಳಿಯಾಳು? ಹೇಳಿದ್ದು ಮಗಳೇ.

"ಅಪ್ಪಾ, ಅಮ್ಮ ಯಾವತ್ತು ನಿನಗೋಸ್ಕರ ಕಾದಿದ್ದಾಳೆ ಹೇಳು? ಸಿನಿಮಾಗೆ ಅಂತ ಹೊರಟ್ರೆ ನೀನು ಚಪ್ಪಲಿ ಹುಡುಕೋದ್ರೊಳಗೆ ಅವಳು ಬಸ್‌ಸ್ಟಾಪಲ್ಲಿ ಇರ್ತಿದ್ದಳು. ಒಂದು ಸಲ ಬಸ್ಸೇ ಹತ್ತಿ ಹೋಗಿಬಿಟ್ಟಿದ್ದಳಲ್ಲ! ನೀನು ಹೊಲಿಗೆ ಬಿಟ್ಟು ಓಡಿ ಹೋಗಿದ್ರೂ ಅಷ್ಟೇ. ಅವಳು ಹೊರಟಾಗಿತ್ತು."

ಅಪ್ಪ ತಲೆಯೆತ್ತಿದ. ಅವಳನ್ನೇ ನೋಡಿದ, ಬೆಳಕಿಗೆ ದಬ್ಬಣ ಹಿಡಿದು ಕಣ್ಣು ಹುಡುಕುವಾಗ ನೋಡುವ ಹಾಗೆ, ಕಣ್ಣು ಕಿರಿದು ಮಾಡಿಕೊಂಡು.

"ಟಿಕೆಟ್ಟು ನನ್ನ ಜೇಬಲ್ಲೇ ಇತ್ತು" ಅಂದ. ಬಾಯಿಯ ಒಂದು ಕೊನೆ ನಗುತ್ತಿತ್ತು, ಇನ್ನೊಂದು ಕೊನೆ ಅದರುತ್ತಿತ್ತು. "ಟಾಕೀಸಿನ ಬಾಗಿಲಲ್ಲಿ ನಿಂತು ನನಗೇ ಬೈದಳು. ಹೌದು ಕಣೇ. ಕಾಯೋ ಪೈಕಿ ಅಲ್ಲ ಅವಳು."

ಕಣೇ ಅಂದಿದ್ದ. ಯಾವ ಊರಿನ ಯಾವ ಗೋಲ್‌ಕೀಪರೂ ಪತ್ರಿಕೆಯವರನ್ನು ಕಣೇ ಅನ್ನುವುದಿಲ್ಲ. ಮಗಳು ಹೊಸ ಹಾಸಿಗೆಯ ಅಂಚಿನಲ್ಲಿ ಕುಸಿದು, ಮುಖ ಮುಚ್ಚಿಕೊಂಡು, ಅಮ್ಮ ಹೋದ ದಿನವೂ ಅಳದಷ್ಟು ಅತ್ತಳು. ಅಪ್ಪ ದಿಂಬನ್ನು ಪಕ್ಕಕ್ಕಿಟ್ಟ. ಹೊಲಿಯದೆ ಉಳಿದ ಬಾಯಿಂದ ಅರಳೆ ಈಚೆ ಬಂದು ನೆಲದ ಮೇಲೆಲ್ಲ ಹಾರಾಡಿತು, ಅವನು ಅದನ್ನು ಹಿಡಿಯಲು ಹೋಗಲಿಲ್ಲ. ಅವಳ ಪಕ್ಕ ಬಂದು ಕೂತ. ಮೊದಲು ಭುಜ ಅಲುಗಿತು, ಆಮೇಲೆ ಇಡೀ ಮೈ. ಅಪ್ಪ ಅಳುವುದು ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಚಿಕ್ಕ ಮಗುವಿನ ಹಾಗೆ, ನಡುನಡುವೆ ಬಿಕ್ಕಳಿಸಿಕೊಂಡು, ಮೂಗು ಸೋರಿಸಿಕೊಂಡು ಅತ್ತ. ಚಹಾ ಕುಡಿದು ಬಂದ ಹತ್ತಿಯಣ್ಣ ಬಾಗಿಲಲ್ಲಿ ಒಂದು ಕ್ಷಣ ನಿಂತು, ಬಂದ ದಾರಿಯಲ್ಲೇ ತಿರುಗಿ ಇನ್ನೊಂದು ಚಹಾ ಕುಡಿಯಲು ಹೋದ.

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಈ ಕಡೆಗೆ ಹೊಸಬರು, ಕೈಯಲ್ಲಿ ಮಂಚದ ಅಳತೆಯ ಹುರಿ. "ಇಲ್ಲಿ ಒಬ್ಬರು ಹಾಸಿಗೆ ಮೇಲೆ ಹಾರಿ ತೋರಿಸ್ತಾರಂತೆ?" ಎಂದು ನಗುತ್ತಾ ಒಳಗೆ ಕಾಲಿಟ್ಟವರು ಇಬ್ಬರ ಮುಖ ನೋಡಿ ಅಲ್ಲೇ ನಿಂತರು.

ಅಪ್ಪ ಎದ್ದ. ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಮೀಸೆಯ ಮೇಲೆ ಅರಳೆ ಅಂಟಿತ್ತು.

"ಇವತ್ತು ಅಂಗಡಿ ಇಲ್ಲ ಸ್ವಾಮಿ. ನನ್ನ ಹೆಂಡತಿ ತೀರಿಕೊಂಡಿದ್ದಾಳೆ."

"ಅಯ್ಯೋ" ಎಂದು ಗಿರಾಕಿ ಹುರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ಯಾವಾಗ?"

ಅಪ್ಪ ಮಗಳ ಕಡೆ ನೋಡಿದ.

"ಈಗ ತಾನೇ" ಅಂದ.