ಎಕ್ಸ್-ರೇಯಲ್ಲಿ ಕಾಣದ ಬೆನ್ನುನೋವು

ಎಂಬತ್ತರ ದಶಕದ ನಡುವಿನಲ್ಲಿ ನಾನು ಹೆಬ್ಬಗೋಡಿ ಬಳಿಯ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಹೊಸೂರು ರಸ್ತೆಯ ಆಚೆಗೆಲ್ಲ ಆಗ ರಾಗಿ ಹೊಲಗಳು. ಚಳಿಗಾಲದ ಬೆಳಗ್ಗೆ ಡಿಸ್ಪೆನ್ಸರಿಯ ಕಿಟಕಿಯಾಚೆ ಮಂಜು ತುಂಬಿರುತ್ತಿತ್ತು. ಮೊದಲ ಪಾಳಿಯ ಹೆಂಗಸರು ಅದರೊಳಗಿಂದ ಒಬ್ಬೊಬ್ಬರಾಗಿ ಮೂಡಿ ಬರುತ್ತಿದ್ದರು.

ಅವರಲ್ಲೊಬ್ಬಳು ಜಯಮ್ಮ. ಅಲ್ಲಿಯದೇ ರೈತರ ಮನೆಯವಳು, ಸರ್ಕ್ಯೂಟ್ ಬೋರ್ಡ್‌ಗಳಿಗೆ ಬೆಸುಗೆ ಹಾಕುತ್ತಿದ್ದಳು. ಮನೆಯಲ್ಲಿ ಸಂಬಳ ತಂದ ಮೊದಲ ಹೆಂಗಸು ತಾನೆಂಬ ಹೆಮ್ಮೆ ಅವಳಿಗಿತ್ತು. ಕೆಲಸವಿನ್ನೂ ಕಾಯಂ ಆಗಿರಲಿಲ್ಲ. ಅಷ್ಟರಲ್ಲಿ ಬೆನ್ನುನೋವು ಹಿಡಿಯಿತು. ಎಕ್ಸ್-ರೇ, ರಕ್ತಪರೀಕ್ಷೆ ಎಲ್ಲವೂ ನಾರ್ಮಲ್. ನೋವಿನ ಮಾತ್ರೆಗಳಿಂದ ಏನೂ ಆಗಲಿಲ್ಲ.

ಅವಳ ಸೂಪರ್‌ವೈಸರ್ ಶ್ರೀನಿವಾಸಯ್ಯ ಒಂದು ದಿನ ನನ್ನ ಬಳಿ ಬಂದರು. “ಡಾಕ್ಟ್ರೇ, ಫಿಟ್ ಅಂತ ಬರೀರಿ, ಇಲ್ಲ ಅನ್‌ಫಿಟ್ ಅಂತ ಬರೀರಿ. ದಿನಾ ಅರ್ಧ ಕೆಲ್ಸ ಬಿಟ್ಟು ಎದ್ದು ಇಲ್ಲಿಗ್ ಬಂದ್ರೆ ನಾನೇನ್ ಮಾಡ್ಲಿ?” ಅನ್‌ಫಿಟ್ ಎಂದರೆ ಅವಳ ಕೆಲಸ ಹೋಗುತ್ತಿತ್ತು.

ಮತ್ತೆ ಪರೀಕ್ಷಿಸಿದೆ. ಬೆನ್ನಷ್ಟೇ ಅಲ್ಲ, ಕತ್ತಿನ ಬುಡ, ಭುಜ, ಮೊಣಕೈ, ಮೊಣಕಾಲಿನ ಒಳಬದಿ ಎಲ್ಲಿ ಮೆಲ್ಲಗೆ ಒತ್ತಿದರೂ ಮುಖ ಕಿವುಚಿದಳು. ನಿದ್ದೆ ಹೇಗೆ ಬರುತ್ತದೆಂದು ಕೇಳಿದೆ.

“ಮಲಗ್ತೀನಿ ಮೇಡಂ, ನೀರ್ ಮೇಲೆ ತೇಲ್ದಂಗೆ. ಒಳಕ್ಕೆ ಇಳಿಯಾದೇ ಇಲ್ಲ. ಎದ್ರೆ ಮೈನೆಲ್ಲ ಯಾರೋ ಕುಟ್ದಂಗಿರ್ತದೆ. ಎಲ್ರೂ ನಾಟ್ಕ ಅಂತಾರೆ. ಈಗೀಗ ನಂಗೂ ಅಂಗೇ ಅನ್ನುಸ್ತದೆ.”

ಆಗ ಇದನ್ನು ಫೈಬ್ರೊಸೈಟಿಸ್ ಎನ್ನುತ್ತಿದ್ದೆವು. ಇಂದಿನ ಹೆಸರು ಫೈಬ್ರೊಮಯಾಲ್ಜಿಯಾ. ಮೂಳೆ, ಕೀಲುಗಳಿಗೆ ಹಾನಿಯಾಗಿರುವುದಿಲ್ಲ, ಆದರೂ ನೋವು ನಿಜವಾದದ್ದು. ನಿದ್ದೆ ದಣಿವನ್ನು ಕಳೆಯುವುದಿಲ್ಲ. ನಗರದಲ್ಲಿದ್ದ ನನ್ನ ಗುರುಗಳೂ ಅವಳನ್ನು ನೋಡಿ ಅದೇ ಎಂದರು. ನಿದ್ದೆ ಗಾಢವಾಗಲು ಸಂಜೆಗೊಂದು ಸಣ್ಣ ಡೋಸ್ ಮಾತ್ರೆ, ಬೆನ್ನಿಗೆ ಬಿಸಿನೀರಿನ ಶಾಖ, ಕೆರೆ ಏರಿಯ ಮೇಲೆ ನಿಧಾನ ನಡಿಗೆ ಹೇಳಿದೆ.

ಕೆಲವು ವಾರಗಳಲ್ಲಿ ಮೈ ಹಗುರಾಯಿತು. ಆ ಹುರುಪಿನಲ್ಲಿ ರಜೆಯ ದಿನವಿಡೀ ಮನೆಯ ಹೊಲದಲ್ಲಿ ರಾಗಿ ಕೊಯ್ದಳು. ಮರುದಿನ ಸೊಂಟ ಬಗ್ಗಿಸಿಕೊಂಡೇ ಬಂದಳು.

“ಕೆಲ್ಸ ಬಿಟ್ಬಿಡ್ತೀನಿ ಮೇಡಂ.”

ಅವಳನ್ನು ಮಂಚದ ಮೇಲೆ ಮಲಗಿಸಿ, ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟು ಪರದೆ ಎಳೆದೆ. ಮಧ್ಯಾಹ್ನದ ಬಿಸಿಲು ಪರದೆಯೊಳಗಿಂದ ಹಳದಿಯಾಗಿ ಸೋಸಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ಉಸಿರು ನೀಳವಾಯಿತು. ಊಟದ ವಿರಾಮ ಮುಗಿದ ಸೈರನ್ ಕೂಗಿತು; ಅವಳು ಮಿಸುಕಲಿಲ್ಲ.

ಹುಡುಕಿಕೊಂಡು ಬಂದ ಶ್ರೀನಿವಾಸಯ್ಯ ಪರದೆ ಸರಿಸಿ, ಹಾಗೇ ನಿಂತುಬಿಟ್ಟರು.

“ಈಕೆ ಮುಖ ಇಷ್ಟು ಸಮಾಧಾನವಾಗಿರೋದನ್ನ ನಾನು ನೋಡೇ ಇಲ್ಲ,” ಎಂದು ಪಿಸುಗುಟ್ಟಿದರು. “ಎಬ್ಬಿಸ್ಬೇಡಿ. ಲೈನ್‌ಗೆ ಬೇರೆಯವರನ್ನ ಕೂರಿಸ್ತೀನಿ.”

‘ಫಿಟ್’ ಎಂದೇ ಬರೆದೆ. ಬೆನ್ನಿಗೆ ಒರಗು ಇರುವ ಕುರ್ಚಿ, ಆಗಾಗ ಎದ್ದು ನಡೆಯಲು ಅವಕಾಶ ಬೇಕೆಂದು ಸೇರಿಸಿದೆ. ಕುರ್ಚಿಯನ್ನು ಶ್ರೀನಿವಾಸಯ್ಯನವರೇ ಹುಡುಕಿ ತಂದರು. ಮುಂದೆ ಅವಳ ಕೆಲಸ ಕಾಯಂ ಆಯಿತು. ನೋವು ಪೂರ್ತಿ ಹೋಗಲಿಲ್ಲ, ಬಂದು ಹೋಗಿ ಮಾಡುತ್ತಿತ್ತು. ಒಮ್ಮೆ ಬಾಗಿಲಲ್ಲೇ ನಿಂತು ಹೇಳಿದಳು: “ಇವತ್ತು ಎದ್ದಾಗ ಬೆನ್ನಿನ ಗ್ಯಾನವೇ ಬರ್ಲಿಲ್ಲ ಮೇಡಂ. ಬಸ್‌ಸ್ಟಾಪ್ ತಾವ ಬಂದ್ಮೇಲೆ ನೆನಪಾಯ್ತು.”

ಗುಣಪಡಿಸಲಾಗದ ಕಡೆಯಲ್ಲೂ ವೈದ್ಯರಿಗೆ ಮಾಡಲು ಕೆಲಸವಿದೆ ಎಂದು ನನಗೆ ಅರ್ಥವಾದದ್ದು ಅವಳ ಆ ಒಂದು ಬೆಳಗಿನಿಂದ.