ಸಾಸಿವಿ ಮತ್ತು ನನ್ನ ಹೆಗಲ ಟಾವೆಲ್

ಹೋದ ವಾರ ಹಳಿಯಾಳದಲ್ಲಿ ನನ್ನ ಹೆಂಡತಿಯ ತಮ್ಮನ ಹೊಸ ಮನೆಯ ವಾಸ್ತುಶಾಂತಿ. ಊಟವಾದ ಮೇಲೆ ಗಂಡಸರಿಗೆಲ್ಲ ಒಂದೊಂದು ಟಾವೆಲ್, ತೆಂಗಿನಕಾಯಿ ಕೊಟ್ಟರು. ಮನೆಗೆ ಬಂದು ಬಿಚ್ಚಿದರೆ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ. ಮಡಚಿ ಕಪಾಟಿನಲ್ಲಿಡಲು ಹೊರಟಿದ್ದೆ, ಹೆಂಡತಿ ತಡೆದಳು. "ಇದನ್ನಾದ್ರೂ ಹೆಗಲಿಗೆ ಹಾಕ್ಕೋರಿ. ಮೂರು ವರ್ಷ ಆತು, ಹೆಗಲು ಬೋಳ ಬೋಳ ಕಾಣತೈತಿ." ನಾನು ನಕ್ಕೆ. ನನ್ನ ಹೆಗಲು ಬೋಳಾದದ್ದು ಎರಡು ಗೇಣುದ್ದದ ಒಂದು ನಾಯಿಯಿಂದ.

ಟಾವೆಲ್ ಎಂದೊಡನೆ ನಿಮಗೆ ಬಚ್ಚಲುಮನೆ ನೆನಪಾಗಬಹುದು. ನಮ್ಮ ಧಾರವಾಡದ ಕಡೆಯವರಿಗೆ ಅದು ಬೇರೆಯೇ. ಬೆವರು ಒರೆಸಲು ಅದೇ, ಬಸ್ಸಿನ ಕಿಟಕಿಯಿಂದ ಒಗೆದು ಸೀಟು ಹಿಡಿಯಲು ಅದೇ, ಸಂತೆಯಲ್ಲಿ ಚೀಲ ಮರೆತರೆ ಬದನೆಕಾಯಿ ಕಟ್ಟಿಕೊಳ್ಳಲೂ ಅದೇ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲೇ ಕೂಡ್ರುವ ಮೊದಲು ಅದನ್ನು ಹೆಗಲಿನಿಂದ ಸೆಳೆದು ಆ ಜಾಗವನ್ನು ಫಟ್ಟೆಂದು ಝಾಡಿಸಿ ಧೂಳು ಹಾರಿಸಬೇಕು. ನನ್ನ ಅಪ್ಪ ಆಗಷ್ಟೇ ಸಾರಿಸಿದ ಕಟ್ಟೆಯನ್ನೂ ಝಾಡಿಸಿಯೇ ಕೂಡುತ್ತಿದ್ದ. ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ನಾನು ದಾಂಡೇಲಿಗೆ ಬಂದಾಗ ಅವನಿಂದ ತಂದ ಆಸ್ತಿ ಇದೊಂದೇ.

ಕಾರ್ಖಾನೆಯಲ್ಲಿ ನನ್ನದು ಹಾಳೆ ಪರೀಕ್ಷಿಸುವ ಕೆಲಸ. ಬೆಳಕಿಗೆ ಹಿಡಿದು ನೋಡುವುದು, ಚುಕ್ಕೆಯೋ ತೂತೋ ಕಂಡರೆ ಅತ್ತ ಒಗೆಯುವುದು. ವರ್ಷಗಟ್ಟಲೆ ಇದನ್ನೇ ಮಾಡಿ ನಿವೃತ್ತನಾದವನಿಗೆ ಮನೆಯಲ್ಲಿ ಕೂತು ಕೈ ಕಡಿಯತೊಡಗಿತು. ಮದುವೆಯ ಊಟದಲ್ಲಿ ಹಪ್ಪಳವನ್ನೂ ಬೆಳಕಿಗೆ ಹಿಡಿದು ನೋಡಿದೆನೆಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅದು ಪೂರ್ತಿ ಸುಳ್ಳಲ್ಲ.

ಆಗ ನನ್ನನ್ನು ಕರೆದವರು ಸುನಂದಕ್ಕ. ನರ್ಸ್ ಕೆಲಸದಿಂದ ನಿವೃತ್ತರಾಗಿ ಊರ ಹೊರಗೆ ತಗಡಿನ ಶೆಡ್ಡು ಹಾಕಿ ದಿಕ್ಕಿಲ್ಲದ ನಾಯಿಗಳನ್ನು ಸಾಕುತ್ತಿದ್ದರು. ನಾಯಿ ಬೇಕೆಂದು ಬಂದವರಿಗೆ ಯಾವುದು ಹೊಂದೀತು ಎಂದು ನೋಡಿ ಹೇಳಲು ಒಬ್ಬರು ಬೇಕಾಗಿತ್ತು. "ಅಣ್ಣಾರ, ಹಾಳಿ ನೋಡಿದಂಗ ನಾಯಿ ನೋಡ್ರಿ, ಅಷ್ಟ," ಎಂದರು. ಅಷ್ಟು ಸಾಕಾಯಿತು ನನಗೆ. ಉದ್ದನೆಯ ವಹಿ ತಂದು ನಾಯಿಗೊಂದು ಪುಟ ಬರೆದೆ. ಕೈ ಚಾಚಿದರೆ ಏನು ಮಾಡುತ್ತದೆ, ತಿನ್ನುವಾಗ ಹತ್ತಿರ ಹೋದರೆ ಗುರ್ ಎನ್ನುತ್ತದೆಯೇ, ಪಕ್ಕ ಕೂತರೆ ಬರುತ್ತದೆಯೇ. ಕೊನೆಗೆ ಪಾಸ್, ಇಲ್ಲವೇ ನಾಪಾಸ್. ನಡುವೆ ಮತ್ತೊಂದು ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ಸಾಸಿವಿ ಬಂದದ್ದು ಸೂಪಾ ಕಡೆಯ ರಸ್ತೆಯಿಂದ. ಕಂದು ಬಣ್ಣ, ಒಂದು ಕಿವಿ ಮಡಚಿತ್ತು, ಸಣ್ಣದೆಂದು ಸುನಂದಕ್ಕ ಆ ಹೆಸರಿಟ್ಟರು. ನಾನು ಅದರ ಜಾಲರಿಯೊಳಗೆ ಹೋಗಿ ಕಲ್ಲಿನ ಮೇಲೆ ಕೂತೆನೋ ಇಲ್ಲವೋ, ಅದು ನೀರಿನ ಡ್ರಮ್ಮಿನ ಹಿಂದೆ ಓಡಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಗಡಗಡ ನಡುಗುತ್ತಿತ್ತು. ಬಿಸ್ಕೀಟು ಒಗೆದೆ, ಮುದ್ದು ಮಾಡಿ ಕರೆದೆ, ನನಗೆ ಬಾರದ ಹಾಡನ್ನೂ ಹಾಡಿದೆ. ಮೂರು ವಾರ ಹೀಗೇ ನಡೆಯಿತು.

ನಾಪಾಸಾದ ನಾಯಿಗಳಿಗೆ ಹಿಂದಿನ ದೊಡ್ಡ ಕೊಟ್ಟಿಗೆ. ಅಲ್ಲಿದ್ದವೆಲ್ಲ ದಾಂಡಿಗ ನಾಯಿಗಳು, ಊಟದ ಹೊತ್ತಿಗೆ ಒಂದರ ಮೇಲೊಂದು ಬೀಳುತ್ತಿದ್ದವು. ಸಾಸಿವಿ ಅಲ್ಲಿ ಹೋದರೆ ಒಂದು ತುತ್ತೂ ಸಿಗದೆ ಸೊರಗಿ ಸಾಯುತ್ತದೆಂದು ನನಗೂ ಗೊತ್ತಿತ್ತು, ಸುನಂದಕ್ಕನಿಗೂ ಗೊತ್ತಿತ್ತು. ಆದರೆ ಪರೀಕ್ಷೆಯ ನಾಯಿಗಳನ್ನಿಡುವ ಮುಂದಿನ ಸಾಲಿನ ಜಾಲರಿಗಳಲ್ಲಿ ಜಾಗವಿರಲಿಲ್ಲ, ದಿನಾ ಹೊಸ ನಾಯಿ ಬರುತ್ತಿತ್ತು. ನಾನು ವಹಿಯಲ್ಲಿ ಬರೆದೆ: ಮನುಷ್ಯರಿಗೆ ಹೊಂದುವುದಿಲ್ಲ, ನಾಪಾಸ್. ಅಕ್ಷರಗಳು ದುಂಡಗೆ ಬಂದಿದ್ದವು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನವೇ ಗೌರವ್ವ ಬಂದಳು. ಮುಂಡಗೋಡದ ಸಂತೆಯ ಹತ್ತಿರ ಆಕೆಯದೊಂದು ಖಾನಾವಳಿ. ಹಣೆಯ ತುಂಬ ವಿಭೂತಿ, ಮೊಳಕೈವರೆಗೆ ಹಿಟ್ಟಿನ ಕಲೆ. ಸಾಕಿದ ನಾಯಿ ಸತ್ತು ಮನೆ ಬಿಕೋ ಎನ್ನುತ್ತಿದೆ, ಇನ್ನೊಂದು ಕೊಡಿ ಎಂದಳು. ನಾನು ಗತ್ತಿನಿಂದ ಪಾಸಾದ ನಾಯಿಗಳನ್ನು ಒಂದೊಂದಾಗಿ ತೋರಿಸಿದೆ. ಆಕೆ ಎಲ್ಲವನ್ನೂ ದಾಟಿ ಸಾಸಿವಿಯ ಜಾಲರಿಯ ಮುಂದೆ ನಿಂತಳು.

"ಇದು ಬ್ಯಾಡ್ರಿ. ನಾಪಾಸಾಗೈತಿ," ಎಂದೆ.

"ಏನ್ ಪರೀಕ್ಷಾ ಮಾಡಿದ್ರಿ? ನನ್ನ ಮುಂದೊಮ್ಮೆ ಮಾಡ್ರಿ, ನೋಡೂಣು."

ಮಾಡಿ ತೋರಿಸಿದೆ. ಒಳಗೆ ಹೋದೆ, ಟಾವೆಲ್ ಸೆಳೆದೆ, ಫಟ್ಟೆಂದು ಕಲ್ಲು ಝಾಡಿಸಿ ಕೂತೆ. ಸಾಸಿವಿ ಡ್ರಮ್ಮಿನ ಹಿಂದೆ ಮಾಯ. "ನೋಡಿದ್ರಿಲ್ಲ?" ಎಂದು ಗೆದ್ದವನಂತೆ ತಿರುಗಿದೆ.

ಗೌರವ್ವ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. "ಸಾಹೇಬ್ರ, ಅದು ನಿಮಗ ಅಂಜಿಲ್ರಿ. ನಿಮ್ಮ ಟಾವೆಲ್ಲಿಗೆ ಅಂಜೇತಿ. ಯಾರೋ ಅದರಲೇ ಹೊಡದಾರ ಇದನ್ನ."

ಆಕೆ ಟಾವೆಲ್ ಇಸಿದುಕೊಂಡು ಹೊರಗೆ ನಿಂತಿದ್ದ ಸುನಂದಕ್ಕನ ಕೈಗೆ ಕೊಟ್ಟು, ಒಳಗೆ ಬಂದು ಧೂಳಿನಲ್ಲೇ ಕಾಲು ಚಾಚಿ ಕೂತಳು. ನನ್ನನ್ನೂ ಕೂಡ್ರಿಸಿದಳು. ಅಷ್ಟು ವಯಸ್ಸಿನಲ್ಲಿ ಝಾಡಿಸದೆ ಕೂತದ್ದು ಅದೇ ಮೊದಲು, ಮೈಯೆಲ್ಲ ಮುಳ್ಳಾಡಿದಂತಾಯಿತು. ಆಕೆ ನಾಯಿಯತ್ತ ನೋಡಲೇ ಇಲ್ಲ. ಮುಂಡಗೋಡದ ಸಂತೆಯಲ್ಲಿ ಉಳ್ಳಾಗಡ್ಡಿ ಸರಿಯಾಗಿ ಬರುತ್ತಿಲ್ಲವೆಂದು ನನ್ನ ಜೊತೆ ಮಾತಾಡುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ನನ್ನ ಕಾಲ ಹೆಬ್ಬೆರಳಿಗೆ ತಣ್ಣಗೆ ಏನೋ ತಾಗಿತು. ಸಾಸಿವಿಯ ಮೂಗು. ನಾನು ಕಾಲು ಕದಲಿಸಲಿಲ್ಲ, ಕಣ್ಣು ತುಂಬಿ ಬಂತು.

ಆದರೂ ಪರೀಕ್ಷಕ ಅಷ್ಟು ಸುಲಭಕ್ಕೆ ಸೋಲುತ್ತಾನೆಯೇ? ಆಕೆಗೆ ದಿನವಿಡೀ ರೊಟ್ಟಿ ಬಡಿಯುವ ಕೆಲಸ, ಕೈ ಏಳುತ್ತಲೇ ಬೀಳುತ್ತಲೇ ಇರುತ್ತದೆ. ಎತ್ತಿದ ಕೈ ಕಂಡರೆ ನಡುಗುವ ನಾಯಿ ಅಲ್ಲಿ ಬದುಕೀತೇ ಎಂದು ಕೇಳಿದೆ.

"ಕೈ ಎತ್ತಿದ್ರ ಏಟು ಬೀಳತೈತಿ ಅಂತ ಅದಕ್ಕ ಗೊತ್ತೈತಿ. ರೊಟ್ಟಿ ಬೀಳತೈತಿ ಅಂತ ಇನ್ನೂ ಯಾರೂ ತೋರಿಸಿಲ್ರಿ," ಎಂದಳು ಗೌರವ್ವ.

ಹದಿನೈದು ದಿನ ನೋಡೋಣವೆಂದು ಕಳಿಸಿದೆವು. ವಾರದ ಮೇಲೆ ನಾನೇ ಮುಂಡಗೋಡಕ್ಕೆ ಹೋದೆ, ಟಾವೆಲ್ ಮನೆಯಲ್ಲೇ ಬಿಟ್ಟು. ಸಾಸಿವಿ ಕಟ್ಟಿಗೆಯ ಒಟ್ಟಿಲಿನ ಹಿಂದಿತ್ತು. ಗೌರವ್ವ ರೊಟ್ಟಿ ಬಡಿಯುತ್ತ ನಡುನಡುವೆ ಒಂದೊಂದು ಚೂರನ್ನು ನೋಡದೇ ಅತ್ತ ಒಗೆಯುತ್ತಿದ್ದಳು. ಒಳಗಿನಿಂದ ಮೂತಿ ಬಂದು ಚೂರು ಎತ್ತಿಕೊಂಡು ಮರೆಯಾಗುತ್ತಿತ್ತು. ಹದಿನೈದನೆಯ ದಿನ ಹೋದಾಗ ಆಕೆಯ ತೊಡೆಗೆ ಬೆನ್ನು ಹಚ್ಚಿ ಮಲಗಿತ್ತು. ತಲೆಯ ಮೇಲೇ ರೊಟ್ಟಿ ಬಡಿಯುವ ಸಪ್ಪಳ ನಡೆದಿತ್ತು, ಅದಕ್ಕೆ ಗಾಢ ನಿದ್ದೆ. ದಾಂಡೇಲಿಗೆ ಮರಳಿ ವಹಿ ತೆಗೆದು ಆ ದುಂಡಗಿನ ಅಕ್ಷರಗಳ ಮೇಲೆ ಗೀಟು ಹೊಡೆದೆ. ಅಂದಿನಿಂದ ಹೆಗಲಿಗೆ ಟಾವೆಲ್ ಹಾಕಲಿಲ್ಲ. ಹೊಸ ನಾಯಿ ಬಂದರೆ ಮೊದಲು ಧೂಳಿನಲ್ಲಿ ಕೂಡುತ್ತೇನೆ, ಬರೆಯುವುದು ಆಮೇಲೆ.

ಹೆಂಡತಿಯ ಮಾತು ಕೇಳಿದ ಮೇಲೆ ನಿನ್ನೆ ಆ ಹೊಸ ಟಾವೆಲ್ಲನ್ನು ಚೀಲದಲ್ಲಿ ಹಾಕಿಕೊಂಡು ಮುಂಡಗೋಡಕ್ಕೆ ಹೋದೆ, ಗೌರವ್ವನಿಗೇ ಕೊಟ್ಟುಬಿಡೋಣವೆಂದು. ಚೀಲದಿಂದ ತೆಗೆದು ಕೊಟ್ಟು ಗಿರಾಕಿಗಳು ಕೂಡ್ರುವ ಬಾಕಿನ ಮೇಲೆ ಕೂಡ್ರಲು ಹೋದೆ.

"ತಡೀರಿ, ಹಿಟ್ಟು ಬಿದ್ದೈತಿ," ಎಂದವಳೇ ನಾನು ಬೇಡವೆನ್ನುವುದರೊಳಗೆ ಅದೇ ಟಾವೆಲ್ಲಿನಿಂದ ಬಾಕನ್ನು ಫಟ್ಟೆಂದು ಝಾಡಿಸಿದಳು.

ನಾನು ಕಣ್ಣು ಮುಚ್ಚಿದೆ. ತೆರೆದಾಗ ಸಾಸಿವಿ ಒಲೆಯ ಪಕ್ಕ ಹಾಗೇ ಮಲಗಿತ್ತು. ಒಂದು ಕಣ್ಣು ಬಿಟ್ಟು, ರೊಟ್ಟಿಯ ಚೂರೇನಾದರೂ ಬಿತ್ತೇ ಎಂದು ನೋಡಿ, ಇಲ್ಲವೆಂದು ಮತ್ತೆ ಮುಚ್ಚಿಕೊಂಡಿತು.

"ನೀವ್ಯಾಕ ಬೆಚ್ಚಿದ್ರಿ?" ಗೌರವ್ವ ನಗತೊಡಗಿದಳು. "ಅದು ಮರತು ಎರಡು ವರ್ಷ ಆತ್ರಿ." ಟಾವೆಲ್ ಮಡಚಿ ನನ್ನ ಹೆಗಲಿಗೇ ಹಾಕಿದಳು.

ಆ ನಾಯಿಗೆ, ಆ ತಾಯಿಗೆ ನಾನು ಎಷ್ಟು ಋಣಿಯೆಂದು ಇಲ್ಲಿ ಬರೆದಿದ್ದೇನೆ. ಇವತ್ತು ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಕೂಡ್ರುವ ಮೊದಲು ಕೈ ತಾನಾಗಿ ಹೆಗಲಿಗೆ ಹೋಯಿತು. ಝಾಡಿಸಿದೆ ಕೂಡ. ಆದರೆ ಅದಕ್ಕೂ ಮೊದಲು, ಹತ್ತಿರದಲ್ಲಿ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಸುತ್ತಲೂ ನೋಡಿದೆ.